ಫಾರಿನ್ ಸೂಪರ್‌ಮಾರ್ಕೆಟ್ ಸುತ್ತೋದು ಹೆಂಗೆ: ಮೈಸೂರು-ಮಂಡ್ಯ ಕಡೆಯೋರಿಗೆ ಒಂದು ಸಮಗ್ರ ಮಾರ್ಗದರ್ಶಿ

ದೇವರಾಜ ಮಾರ್ಕೆಟ್‌ಗೆ ಬರೋ ಫಾರಿನ್ನೋರನ್ನ ನೋಡಿರ್ತೀರ. ಕುಂಕುಮದ ಗುಡ್ಡೆ ಮುಂದೆ ಎಷ್ಟೊತ್ತು ಬೇಕಾದ್ರೂ ನಿಂತಿರ್ತಾರೆ, ಬಾಳೆಹಣ್ಣಿನ ಸಾಲಲ್ಲಿ ಒಂದೊಂದು ಗೊನೇನೂ ಫೋಟೋ ಹೊಡೀತಾರೆ, ರಸಬಾಳೆ ಯಾವುದು ಪಚ್ಚಬಾಳೆ ಯಾವುದು ಅಂತ ಅಂಗಡಿಯವನ ತಲೆ ತಿಂತಾರೆ, ನಾವು ಕೈಚೀಲ ಹಿಡ್ಕಂಡು ಇವರಿಗೇನಪ್ಪ ಬಂತು ಅಂತ ಪಕ್ಕದಲ್ಲೇ ದಾಟ್ಕಂಡು ಹೋಯ್ತೀವಿ. ನನ್ನ ಕೇಳಿದ್ರೆ ಬುದ್ಧಿವಂತರು ಅವರೇ. ಅದೇ ಕೆಲಸಾನ ನಾವು ಅವರೂರಿಗೆ ಹೋದಾಗ ಮಾಡಲ್ಲ. ಪ್ಯಾಕೇಜ್ ಟೂರಲ್ಲಿ ಯುರೋಪ್ ಪೂರ್ತಿ ಸುತ್ಕಂಡು ಬಂದೋರನ್ನ ಅಲ್ಲಿ ಒಂದು ಲೀಟರ್ ಹಾಲು ಎಷ್ಟು ಸ್ವಾಮಿ ಅಂತ ಕೇಳಿ ನೋಡಿ, ಐಫೆಲ್ ಟವರ್ ಎತ್ತರ ಹೇಳ್ತಾರೆ, ಹಾಲಿನ ರೇಟ್ ಹೇಳಕ್ಕೆ ಬರಲ್ಲ.

ನನ್ನ ಲೆಕ್ಕ ಇಷ್ಟೇ ಕಣ್ರೀ, ಯಾವ ಪದಾರ್ಥಕ್ಕೆ ಎಷ್ಟು ಉದ್ದ ಶೆಲ್ಫ್ ಬಿಟ್ಟವ್ರೆ ಅನ್ನೋದು ನೋಡಿದ್ರೆ ಸಾಕು, ಆ ಊರಿನ ಅಡುಗೆಮನೆ ಒಳಗೆ ಏನು ನಡೀತದೆ ಅಂತ ಗೊತ್ತಾಗೋಯ್ತದೆ. ಟಿಕೆಟ್ ಇಲ್ಲ, ಕ್ಯೂ ಇಲ್ಲ, ಏಸಿ ಬೇರೆ. ಒಸಿ ಕ್ರಮವಾಗಿ ಸುತ್ತಿದ್ರೆ ಇನ್ನೂ ಚೆನ್ನಾಗಿರ್ತದೆ, ಆ ಕ್ರಮ ಹೇಳ್ತೀನಿ.

ಹೆಜ್ಜೆ 1: ಸರಿಯಾದ ಅಂಗಡಿ, ಸರಿಯಾದ ಹೊತ್ತು

ಟೂರಿಸ್ಟ್ ಜಾಗದ ಪಕ್ಕ ಇರೋ ಸಣ್ಣ ಅಂಗಡಿಗೆ ಹೋಗ್ಬೇಡಿ, ಅಲ್ಲಿ ನೀರಿನ ಬಾಟ್ಲು, ಚಾಕ್ಲೇಟು, ಫ್ರಿಜ್ ಮ್ಯಾಗ್ನೆಟ್ಟು, ಅಷ್ಟೇ. ಮ್ಯಾಪ್ ತೆಗೆದು ಮನೆಗಳಿರೋ ಏರಿಯಾದಲ್ಲಿ ದೊಡ್ಡ ಅಂಗಡಿ ಯಾವುದಿದೆ ಹುಡುಕಿ. ಜರ್ಮನಿಯಲ್ಲಿ ರೇವೆ, ಎಡೇಕಾ, ಆಲ್ಡಿ, ಲಿಡ್ಲ್. ಇಂಗ್ಲೆಂಡಲ್ಲಿ ಟೆಸ್ಕೋ, ಸೇನ್ಸ್‌ಬರೀಸ್. ಸಿಂಗಾಪುರದಲ್ಲಿ ಫೇರ್‌ಪ್ರೈಸ್, ಶೆಂಗ್ ಸಿಯಾಂಗ್. ಥಾಯ್ಲೆಂಡಲ್ಲಿ ಬಿಗ್ ಸಿ. ಜಪಾನಲ್ಲಿ ಇಯಾನ್, ಲೈಫ್. ದುಬೈಗೆ ಹೋದ್ರೆ ಲುಲು ಇದ್ದೇ ಇದೆ. ಸ್ವಿಟ್ಜರ್ಲೆಂಡಲ್ಲಿ ಮಿಗ್ರೋಸ್ ಮತ್ತೆ ಕೋಪ್, ಇದ್ರಲ್ಲಿ ಮಿಗ್ರೋಸ್ ಸೂಪರ್‌ಮಾರ್ಕೆಟಲ್ಲಿ ಹೆಂಡ ಮಾರಲ್ಲ, ಅದು ಸಹಕಾರ ಸಂಘದ ಅಂಗಡಿ, 2022ರಲ್ಲಿ ಸಂಘದ ಸದಸ್ಯರನ್ನೇ ವೋಟ್ ಹಾಕಿಸಿ ಕೇಳಿದ್ರು ಮಾರಣ್ವಾ ಅಂತ, ಬ್ಯಾಡ ಅಂದ್ಬುಟ್ರು.

ದಿನ ನೋಡ್ಕಳಿ. ಜರ್ಮನಿಯಲ್ಲಿ ಭಾನುವಾರ ಅಂಗಡಿ ಬಂದ್, ಅದು ಕಾನೂನು, ರೈಲ್ವೆ ಸ್ಟೇಷನ್ನು ಏರ್‌ಪೋರ್ಟಲ್ಲಿ ಇರೋ ಅಂತ ಕೆಲವು ಮಾತ್ರ ತೆಗೆದಿರ್ತವೆ. ಇಂಗ್ಲೆಂಡಲ್ಲಿ ದೊಡ್ಡ ಅಂಗಡಿಗಳು ಭಾನುವಾರ ಆರೇ ಗಂಟೆ ತೆಗೆದಿರಬೌದು. ಶನಿವಾರ ರಾತ್ರಿ ಇಳಿದು ನಾಳೆ ಹಾಲು ಬ್ರೆಡ್ಡು ತಂದ್ರಾಯ್ತು ಅಂತ ಮಲಗಿದ್ರೆ ಬೆಳಿಗ್ಗೆ ಬರೀ ಕಾಫಿಲಿ ಕಾಲ ಕಳೀಬೇಕಾಯ್ತದೆ, ಅದೂ ಕಪ್ಪು ಕಾಫಿ.

ಹೊತ್ತು ಅಂದ್ರೆ ಸಾಯಂಕಾಲ, ಜನ ಆಫೀಸ್ ಬಿಟ್ಟು ಮನೆಗೆ ಹೋಗೋ ಟೈಮು. ಆಗ ಯಾರ ಬುಟ್ಟಿಲಿ ಏನಿದೆ ಅಂತ ನೋಡಬೌದು (ಗುರಾಯಿಸ್ಬೇಡಿ, ಕಣ್ಣಂಚಲ್ಲಿ ನೋಡಿ). ಜಪಾನಲ್ಲಂತೂ ರಾತ್ರಿ ಅಂಗಡಿ ಮುಚ್ಚೋಕೆ ಮುಂಚೆ ಒಂದು ನಾಟಕ ನಡೀತದೆ. ಅವತ್ತು ಮಾಡಿದ ಊಟದ ಡಬ್ಬಿ, ಸುಶಿ, ಕರಿದ ಐಟಮ್ಮು ಉಳಿದಿರ್ತವಲ್ಲ, ಅದಕ್ಕೆ ಅಂಗಡಿಯವನು ಬಂದು ರಿಯಾಯಿತಿ ಸ್ಟಿಕ್ಕರ್ ಹಚ್ತಾನೆ, ಮೊದ್ಲು ಶೇಕಡ ಹತ್ತೋ ಇಪ್ಪತ್ತೋ, ಕೊನೆಗೆ ಅರ್ಧ ಬೆಲೆ. ಸ್ಟಿಕ್ಕರ್ ಹಿಡ್ಕಂಡು ಅವನು ಬರೋದು ಕಂಡ ತಕ್ಷಣ ಅಲ್ಲಿಲ್ಲಿ ಸುಮ್ನೆ ಜಾಮ್ ಬಾಟ್ಲು ಓದ್ತಾ ನಿಂತಿದ್ದೋರೆಲ್ಲ ಏನೂ ಗೊತ್ತಿಲ್ದಂಗೆ ನಿಧಾನಕ್ಕೆ ಹತ್ರ ಬತ್ತಾರೆ, ಯಾರೂ ನುಗ್ಗಲ್ಲ, ಯಾರೂ ಕೈ ಹಾಕಲ್ಲ, ಸ್ಟಿಕ್ಕರ್ ಬಿದ್ದ ಮೇಲೆ ನೋಡಿ ಡಬ್ಬಿ ಮಾಯ. ಇಂಗ್ಲೆಂಡಲ್ಲೂ ಇದೇ ತರ ಹಳದಿ ಸ್ಟಿಕ್ಕರ್ ಇದೆ.

ಹೆಜ್ಜೆ 2: ಕೈಯಲ್ಲಿ ಏನಿರಬೇಕು

ಒಂದು ಬಟ್ಟೆ ಚೀಲ. ಬಹಳ ದೇಶದಲ್ಲಿ ಚೀಲಕ್ಕೆ ಬೇರೆ ದುಡ್ಡು, ಜಪಾನಲ್ಲೂ 2020ರ ಜುಲೈನಿಂದ ಪ್ಲಾಸ್ಟಿಕ್ ಕವರ್ ಫ್ರೀ ಇಲ್ಲ. ಯುರೋಪಲ್ಲಿ ಟ್ರಾಲಿಗಳನ್ನ ಒಂದಕ್ಕೊಂದು ಚೈನ್ ಹಾಕಿ ಕಟ್ಟಿರ್ತಾರೆ, ಹಿಡಿ ಹತ್ರ ಒಂದು ಕಿಂಡಿ ಇರ್ತದೆ, ಅದಕ್ಕೆ ಒಂದು ಯೂರೋ ಕಾಯಿನ್ ತೂರಿಸಿದ್ರೆ ಚೈನ್ ಬಿಡ್ತದೆ, ವಾಪಸ್ ತಂದು ಚೈನ್ ಚುಚ್ಚಿದ್ರೆ ಕಾಯಿನ್ ಈಚೆ ಬತ್ತದೆ. ಅದಕ್ಕೇ ಒಂದು ಕಾಯಿನ್ ಜೇಬಲ್ಲಿ ಇಟ್ಕಂಡಿರಿ. ಮೊಬೈಲಲ್ಲಿ ಟ್ರಾನ್ಸ್‌ಲೇಟ್ ಆ್ಯಪ್ ಹಾಕ್ಕಳಿ, ಕ್ಯಾಮೆರಾ ಹಿಡಿದ್ರೆ ಲೇಬಲ್ ಓದೋ ಅಂತದ್ದು, ಆ ಭಾಷೇನ ಮೊದ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಅಂಗಡಿ ಒಳಗೆ ನೆಟ್ ಸಿಗದೇ ಇರಬೌದು.

ಹೆಜ್ಜೆ 3: ಮೊದಲ ಸುತ್ತು, ಏನೂ ಮುಟ್ಟದೆ

ಟ್ರಾಲಿ ತಗೋಬೇಡಿ ಇನ್ನೂ. ಕೈ ಹಿಂದಕ್ಕೆ ಕಟ್ಕಂಡು ಹಳ್ಳಿ ಗೌಡ್ರು ಗದ್ದೆ ನೋಡಕ್ಕೆ ಹೋದಂಗೆ ಒಂದು ರೌಂಡ್ ಹಾಕಿ. ಯಾವುದು ಎಷ್ಟು ಜಾಗ ತಿಂದಿದೆ ಅಷ್ಟು ಮಾತ್ರ ನೋಡಿ.

ಫ್ರಾನ್ಸ್, ಜರ್ಮನಿಯಲ್ಲಿ ಮೊಸರಿನ ತರದ ಸಾಮಾನಿಗೇ ಒಂದು ಗೋಡೆ ಪೂರ್ತಿ. ಚೀಸ್‌ಗೆ ಇನ್ನೊಂದು ಗೋಡೆ. ಮಸಾಲೆಗೆ ಮಾತ್ರ ಪುಟ್ಟ ಪುಟ್ಟ ಶೀಶೆ, ನಮ್ಮನೆ ಸಾರಿನ ಪುಡಿ ಡಬ್ಬಿಗೆ ಅವರ ಅಂಗಡಿ ಜೀರಿಗೆ ಎಲ್ಲಾ ಹಿಡೀತದೆ ಅನ್ನಿಸ್ತದೆ. ಜಪಾನಲ್ಲಿ ಮೀನಿನ ಸಾಲು ಎಲ್ಲಿ ಮುಗೀತದೆ ಅಂತಾನೇ ಗೊತ್ತಾಗಲ್ಲ, ಆಮೇಲೆ ಸೋಯಾ ಸಾಸ್, ಸೋಯಾ ಕಾಳು ಹುದುಗಿಸಿ ಮಾಡೋ ಮಿಸೋ ಪೇಸ್ಟು. ಸ್ಪೇನು, ಫ್ರಾನ್ಸಲ್ಲಿ ಹಾಲು ಫ್ರಿಜ್ ಒಳಗೆ ಹುಡುಕಿದ್ರೆ ಕಮ್ಮಿ ಸಿಗ್ತದೆ, ಹೊರಗೆ ಶೆಲ್ಫ್ ಮೇಲೆ ಡಬ್ಬ ಡಬ್ಬ ಜೋಡಿಸಿರ್ತಾರೆ, ಜಾಸ್ತಿ ಉಷ್ಣದಲ್ಲಿ ಕಾಯಿಸಿ ಪ್ಯಾಕ್ ಮಾಡಿರೋದು, ತಿಂಗಳುಗಟ್ಟಲೆ ಕೆಡಲ್ಲ. ಮೊಟ್ಟೆ ಕತೆ ಉಲ್ಟಾ, ಅಮೆರಿಕದಲ್ಲಿ ಫ್ರಿಜ್ಜಲ್ಲಿ, ಇಂಗ್ಲೆಂಡಲ್ಲಿ ಹೊರಗಡೆ. ಕಾರಣ ಏನಂದ್ರೆ ಅಮೆರಿಕದಲ್ಲಿ ಮೊಟ್ಟೆ ತೊಳೆದು ಮಾರ್ತಾರೆ, ತೊಳೆದ್ರೆ ಮೇಲಿನ ಪೊರೆ ಹೋಗ್ಬುಡ್ತದೆ, ಅದಕ್ಕೆ ತಂಪಲ್ಲೇ ಇಡಬೇಕು. ಯುರೋಪ್ ಮೊಟ್ಟೆ ಮೇಲೆ ಒಂದು ನಂಬರ್ ಸೀಲ್ ಹೊಡೆದಿರ್ತಾರೆ, ಮೊದಲ ಅಂಕಿ 0 ಇದ್ರೆ ಸಾವಯವ, 1 ಅಂದ್ರೆ ಬಯಲಲ್ಲಿ ಮೇಯೋ ಕೋಳಿ, 2 ಅಂದ್ರೆ ಶೆಡ್ಡಲ್ಲಿ ಬಿಟ್ಟಿರೋದು, 3 ಅಂದ್ರೆ ಪಂಜರದ್ದು. ನಾಟಿ ಕೋಳಿ ಮೊಟ್ಟೆ ಅಂತ ಹೇಳಿ ಫಾರಂ ಮೊಟ್ಟೆ ಕೊಡೋ ಆಟ ಅಲ್ಲಿ ನಡಿಯೋದು ಕಷ್ಟ.

ಅಕ್ಕಿ ಸಾಲು ಬಿಡ್ಲೇಬೇಡಿ. ಸಿಂಗಾಪುರ, ಥಾಯ್ಲೆಂಡಲ್ಲಿ ಮೂಟೆ ಮೂಟೆ ಜಾಸ್ಮಿನ್ ಅಕ್ಕಿ. ಜಪಾನಲ್ಲಿ ಅಕ್ಕಿ ಚೀಲದ ಮೇಲೆ ತಳಿ ಯಾವುದು, ಯಾವ ಜಿಲ್ಲೇಲಿ ಬೆಳೆದಿದ್ದು ಎರಡೂ ದೊಡ್ಡಕ್ಷರದಲ್ಲಿ ಹಾಕಿರ್ತಾರೆ, ಕೊಶಿಹಿಕಾರಿ ಅಂದ್ರೆ ಅವರ ಕಡೆ ಭಾರಿ ಹೆಸರು. ವಿ.ಸಿ. ಫಾರಂ ತಳಿ ಹೆಸರು ಬಾಯಲ್ಲಿ ಹೇಳೋ ಮಂಡ್ಯ ರೈತರು ಇದನ್ನ ನೋಡಬೇಕು. ಜರ್ಮನಿಗೆ ಬಂದ್ರೆ ಅರ್ಧ ಕೇಜಿ ರಟ್ಟಿನ ಡಬ್ಬ, ಒಳಗೆ ನಾಕು ಪ್ಲಾಸ್ಟಿಕ್ ಚೀಲ, ಒಂದೊಂದರಲ್ಲೂ 125 ಗ್ರಾಂ ಅಕ್ಕಿ, ಚೀಲಕ್ಕೆ ಪೂರ್ತಿ ಸಣ್ಣ ಸಣ್ಣ ತೂತು. ಚೀಲದ ಸಮೇತ ಕುದಿಯೋ ನೀರಿಗೆ ಹಾಕಿ ಆಮೇಲೆ ಎತ್ತಿ ನೀರು ಸೋರಿಸಿ ಹರಿದು ತಟ್ಟೆಗೆ ಸುರ್ಕಳದು. ಗಂಜಿ ಬಸಿಯೋ ಕೆಲ್ಸಾನ ಕಂಪನಿಯೋರೇ ಚೀಲಕ್ಕೆ ತೂತು ಹೊಡೆದು ಮುಗಿಸವ್ರೆ. ನಗು ಬತ್ತದೆ, ಆದ್ರೆ ಆ ಒಂದು ಡಬ್ಬ ನೋಡಿದ್ರೆ ಆ ಮನೇಲಿ ಅನ್ನ ಅಂದ್ರೆ ವಾರಕ್ಕೊಂದು ದಿನದ ಸಂಗತಿ ಅಂತ ಅರ್ಥ ಆಯ್ತದೆ.

ಹಾಲಿನ ಬಣ್ಣದಲ್ಲೂ ಹುಷಾರು. ನಮಗೆ ನಂದಿನಿ ನೀಲಿ ಪ್ಯಾಕೆಟ್ ಅಂದ್ರೆ ಟೋನ್ಡ್ ಹಾಲು, ತೆಳುವು. ಇಂಗ್ಲೆಂಡಲ್ಲಿ ನೀಲಿ ಅಂದ್ರೆ ಪೂರ್ತಿ ಕೆನೆ ಇರೋದು, ಹಸಿರು ಅಂದ್ರೆ ಅರ್ಧ ಕೆನೆ ತೆಗೆದಿದ್ದು, ಕೆಂಪು ಅಂದ್ರೆ ಕೆನೆ ಪೂರ್ತಿ ತೆಗೆದಿದ್ದು. ಕೆಂಪು ತಂದು ಫಿಲ್ಟರ್ ಕಾಫಿ ಮಾಡಿದ್ರೆ ಬಣ್ಣದ ನೀರು ಕುಡಿದಂಗೆ.

ಇಲ್ಲೊಂದು ಹಳೇ ವಿಷ್ಯ. ಹಿಂಗೆ ನಾವೇ ಒಳಗೆ ಹೋಗಿ ಸಾಮಾನು ಎತ್ಕಳದು ಶುರುವಾಗಿದ್ದು 1916ರಲ್ಲಿ, ಅಮೆರಿಕದ ಮೆಂಫಿಸ್ ಊರಲ್ಲಿ, ಕ್ಲಾರೆನ್ಸ್ ಸಾಂಡರ್ಸ್ ಅನ್ನೋನು ತೆಗೆದ ಪಿಗ್ಲಿ ವಿಗ್ಲಿ ಅಂಗಡಿಲಿ. ಅಲ್ಲಿ ತನಕ ಅವರೂ ನಮ್ಮ ಸಂತೆಪೇಟೆ ದಿನಸಿ ಅಂಗಡಿ ತರಾನೇ ಚೀಟಿ ಕೊಟ್ಟು ಕಾಯ್ಕಂಡು ನಿಂತ್ಕತಿದ್ರು. ಟ್ರಾಲಿ ಬಂದಿದ್ದು 1937ರಲ್ಲಿ, ಒಕ್ಲಹೋಮಾದ ಸಿಲ್ವನ್ ಗೋಲ್ಡ್‌ಮನ್ ಮಾಡಿದ್ದು, ಮೊದ್ಲು ಜನ ನಾಚ್ಕಂಡು ಮುಟ್ಟಲಿಲ್ವಂತೆ, ಕೊನೆಗೆ ಸಂಬಳ ಕೊಟ್ಟು ಜನರನ್ನ ಇಟ್ಟು ಅಂಗಡಿ ಒಳಗೆ ತಳ್ಳಾಡಿಸಿದನಂತೆ.

ಹೆಜ್ಜೆ 4: ಒಂದು ಪದಾರ್ಥ ಬೆನ್ನು ಹತ್ತಿ

ಇದೇ ಇಡೀ ಗೈಡಿನ ಮುಖ್ಯ ಭಾಗ. ನಿಮಗೆ ಚೆನ್ನಾಗಿ ಗೊತ್ತಿರೋ ಒಂದೇ ಒಂದು ಸಾಮಾನು ಆರಿಸ್ಕಳಿ, ಹೋದ ದೇಶದಲ್ಲೆಲ್ಲ ಅದನ್ನೇ ಹುಡುಕಿ. ಕಾಫಿ ಆಗಬೌದು, ಉಪ್ಪಿನಕಾಯಿ ಆಗಬೌದು, ಸೋಪು ಆಗಬೌದು. ನಾನು ಮಂಡ್ಯದೋನು, ನಂದು ಬೆಲ್ಲ.

ಮಲೇಷ್ಯಾ, ಸಿಂಗಾಪುರದಲ್ಲಿ ಗುಲಾ ಮೆಲಾಕಾ ಕೇಳಿ, ತಾಳೆ ಜಾತಿ ಮರದ ನೀರು ಕಾಯಿಸಿ ಮಾಡೋ ಬೆಲ್ಲ, ಬಿದಿರಿನ ಬೊಂಬಿಗೆ ಹುಯ್ಯೋ ಪದ್ಧತಿ ಇದ್ದಿದ್ರಿಂದ ಇವತ್ತಿಗೂ ಉರುಳೆ ಆಕಾರ. ಜಪಾನಲ್ಲಿ ಓಕಿನಾವಾ ದ್ವೀಪಗಳ ಕೊಕುಟೊ ಸಿಗ್ತದೆ, ಅದು ನಮ್ದೇ ತರ ಕಬ್ಬಿನ ಹಾಲಿಂದು, ಒಡೆದ ತುಂಡುಗಳನ್ನ ಸಣ್ಣ ಪ್ಯಾಕೆಟ್ಟಿಗೆ ಹಾಕಿ ಟೀ ಜೊತೆ ಬಾಯಿಗೆ ಹಾಕ್ಕಳ್ಳೋಕೆ ಮಾರ್ತಾರೆ. ಮೊದಲ ಸಲ ಕಚ್ಚಿದಾಗ ಒಸಿ ಉಪ್ಪುಪ್ಪು, ಆಮೇಲೆ ಕೊಪ್ಪರಿಗೆ ತಳದ ವಾಸನೆ, ಆಲೆಮನೆ ಹತ್ರ ಬೆಳೆದೋರಿಗೆ ತಕ್ಷಣ ಗೊತ್ತಾಯ್ತದೆ. ಮೆಕ್ಸಿಕೋದಲ್ಲಿ ಪಿಲೋನ್ಸಿಯೋ ಅಂತ ಶಂಕು ಆಕಾರದ್ದು, ಅಮೆರಿಕದಲ್ಲಿ ಮೆಕ್ಸಿಕನ್ನರು ಜಾಸ್ತಿ ಇರೋ ಏರಿಯಾದ ಅಂಗಡೀಲೂ ಇರ್ತದೆ. ಕೊಲಂಬಿಯಾದ ಪನೇಲಾನ ಬಿಸಿನೀರಿಗೆ ಕರಗಿಸಿ ಕುಡೀತಾರೆ, ನಾವು ಬಿಸಿಲಲ್ಲಿ ಬಂದ ನೆಂಟರಿಗೆ ಬೆಲ್ಲ ನೀರು ಕೊಡಲ್ವಾ ಹಂಗೆ. ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಉಂಡೆ ಬೆಲ್ಲ ಅಂತ ಆಕಾರದ ಮೇಲೇ ವ್ಯಾಪಾರ ಮಾಡೋ ನಮಗೆ ಇದೆಲ್ಲ ಹೊಸದೇನಲ್ಲ, ಆದ್ರೆ ಸಾವಿರಾರು ಮೈಲಿ ಆಚೆ ಯಾರೋ ಅದೇ ಪಾಕ ಅದೇ ಹದಕ್ಕೆ ಇಳಿಸವ್ರೆ ಅಂದ್ರೆ ಖುಷಿ ಆಯ್ತದೆ.

ಯುರೋಪಲ್ಲಿ ಬೆಲ್ಲ ಕಮ್ಮಿ, ಅಲ್ಲಿ ಸಕ್ಕರೆ ಸಾಲಿಗೆ ಹೋಗಿ. ಜರ್ಮನಿ, ಫ್ರಾನ್ಸಿನ ಬಿಳಿ ಸಕ್ಕರೆ ಬಹುಪಾಲು ಕಬ್ಬಿಂದಲ್ಲ, ಬೀಟ್ ಗೆಡ್ಡೆಯದು. 1747ರಲ್ಲಿ ಬರ್ಲಿನ್‌ನ ಮಾರ್ಗ್‌ಗ್ರಾಫ್ ಅನ್ನೋ ರಸಾಯನಶಾಸ್ತ್ರಜ್ಞ ಬೀಟಲ್ಲಿ ಇರೋದೂ ಕಬ್ಬಿನ ಸಕ್ಕರೇನೇ ಅಂತ ತೋರಿಸಿದ್ದ. ಇಂಗ್ಲೆಂಡಲ್ಲಿ ಎರಡೂ ಒಂದೇ ಶೆಲ್ಫಲ್ಲಿ ಪಕ್ಕ ಪಕ್ಕ ಕೂತಿರ್ತವೆ, ಸಿಲ್ವರ್ ಸ್ಪೂನ್ ಬಿಳಿ ಸಕ್ಕರೆ ಅಲ್ಲೇ ಬೆಳೆದ ಬೀಟಿಂದು, ಟೇಟ್ ಅಂಡ್ ಲೈಲ್ ಕಬ್ಬಿಂದು. 1933ರಿಂದ ಮೈಶುಗರ್ ಚಿಮಣಿ ನೋಡ್ಕಂಡು ಬಂದ ಊರಿನೋರು ಅಲ್ಲಿ ನಿಂತು ಎರಡು ಪ್ಯಾಕೆಟ್ಟೂ ಕೈಯಲ್ಲಿ ಹಿಡ್ಕಂಡು ನೋಡಿದ್ರೆ ವ್ಯತ್ಯಾಸ ಏನೂ ಕಾಣಲ್ಲ, ಅದೇ ಮಜಾ.

ಹೆಜ್ಜೆ 5: ಬೆಲೆ ಓದೋದು

ಎಲ್ಲಾನೂ ರೂಪಾಯಿಗೆ ಗುಣಿಸ್ಬೇಡಿ, ಗುಣಿಸಿದ್ರೆ ನೀರೂ ಕುಡಿಯಲ್ಲ ನೀವು. ಒಂದು ಲೀಟರ್ ಹಾಲು, ಒಂದು ಕೇಜಿ ಅಕ್ಕಿ, ಒಂದು ಡಜನ್ ಮೊಟ್ಟೆ, ಬಾಳೆಹಣ್ಣು, ಇಷ್ಟರ ರೇಟ್ ಬರ್ಕಳಿ, ಆಮೇಲೆ ಆ ದೇಶದ ಒಳಗೇ ಒಂದಕ್ಕೊಂದು ತಾಳೆ ಹಾಕಿ. ಚೀಟಿ ಮೇಲೆ ದೊಡ್ಡ ಅಂಕಿ ಕೆಳಗೆ ಸಣ್ಣಕ್ಷರದಲ್ಲಿ ಕೇಜಿಗೆ ಇಷ್ಟು, ಲೀಟರಿಗೆ ಇಷ್ಟು ಅಂತ ಇರ್ತದೆ, ಯುರೋಪಲ್ಲಿ ಅದನ್ನ ಹಾಕಲೇಬೇಕು, ನೀವು ನೋಡ್ಬೇಕಾಗಿರೋದು ಅದನ್ನೇ. ಅಮೆರಿಕದಲ್ಲಿ ಶೆಲ್ಫ್ ಮೇಲಿನ ರೇಟಿಗೆ ಸೇಲ್ಸ್ ಟ್ಯಾಕ್ಸ್ ಸೇರಿರಲ್ಲ, ಬಿಲ್ ಹಾಕೋವಾಗ ಸೇರ್ತದೆ. ಜಪಾನಲ್ಲಿ ಎರಡು ರೇಟ್ ಕಾಣ್ತವೆ, ದೊಡ್ಡದು ಟ್ಯಾಕ್ಸ್ ಬಿಟ್ಟು, ಸಣ್ಣದು ಟ್ಯಾಕ್ಸ್ ಸೇರಿ, ತಿನ್ನೋ ಸಾಮಾನಿಗೆ 8 ಪರ್ಸೆಂಟ್, ಮಿಕ್ಕಿದ್ದಕ್ಕೆ 10. ಟೆಸ್ಕೋದಲ್ಲಿ ಕ್ಲಬ್‌ಕಾರ್ಡ್ ರೇಟ್ ಅಂತ ಚೀಟಿ ಇದ್ರೆ ಅದು ಮೆಂಬರ್‌ಗಳಿಗೆ ಮಾತ್ರ.

ಹೆಜ್ಜೆ 6: ಲೇಬಲ್, ವೆಜ್ಜಿನೋರಿಗೆ

ನಮ್ಮಲ್ಲಿ ಹಸಿರು ಚುಕ್ಕಿ ನೋಡಿ ಕಣ್ಮುಚ್ಚಿ ತಗತೀವಿ, ಆ ಚುಕ್ಕಿ ನಮ್ಮ ದೇಶದ ಕಾನೂನು, ಅಲ್ಲಿ ಇರಲ್ಲ. ಯುರೋಪಲ್ಲಿ ಹಳದಿ ಬಣ್ಣದ ವಿ ಆಕಾರದ ಎಲೆ ಗುರುತು ಇದ್ರೆ ಒಳ್ಳೇದು, ಆದ್ರೆ ಅದು ಹಾಕಲೇಬೇಕು ಅಂತ ರೂಲ್ಸಿಲ್ಲ. ಇನ್ನೊಂದು ದಾರಿ ಇದೆ. ಅಲರ್ಜಿ ಮಾಡೋ 14 ಪದಾರ್ಥಗಳನ್ನ ಲೇಬಲ್ಲಲ್ಲಿ ಎದ್ದು ಕಾಣೋ ತರ ಅಚ್ಚು ಹಾಕಬೇಕು, ಸಾಮಾನ್ಯ ದಪ್ಪಕ್ಷರ. ಅದರಲ್ಲಿ ಮೊಟ್ಟೆ, ಮೀನು, ಸೀಗಡಿ ಜಾತಿ ಎಲ್ಲ ಬತ್ತವೆ. ಬೇಕರಿ ಐಟಮಲ್ಲಿ ಮೊಟ್ಟೆ ಇದೆಯಾ ಅಂತ ಒಂದು ಸೆಕೆಂಡಲ್ಲಿ ಗೊತ್ತಾಯ್ತದೆ. ಆದ್ರೆ ಮಾಂಸ, ಪ್ರಾಣಿಗಳ ಚರ್ಮ ಮೂಳೆಯಿಂದ ತೆಗೆಯೋ ಜೆಲಟಿನ್ನು ಆ ಪಟ್ಟಿಲಿ ಇಲ್ಲ, ಅದನ್ನ ಓದೇ ಹುಡುಕ್ಬೇಕು. ಜೆಲಟಿನ್ ಎಲ್ಲಿರ್ತದೆ ಅಂದ್ರೆ ಮಕ್ಕಳು ಕೇಳೋ ರಬ್ಬರ್ ತರದ ಮಿಠಾಯಿ, ಮಾರ್ಷ್‌ಮ್ಯಾಲೋ, ಕೆಲವು ಹಣ್ಣಿನ ಮೊಸರು. ಇ120 ಅಂತ ಕಂಡ್ರೆ ಅದು ಹುಳದಿಂದ ತೆಗೆದ ಕೆಂಪು ಬಣ್ಣ. ಪಾಸ್ತಾ ಮೇಲೆ ಉದುರಿಸೋ ಪಾರ್ಮಿಜಾನೋ ರೆಜ್ಜಾನೋ ಚೀಸನ್ನ ಕರುವಿನ ಹೊಟ್ಟೆಯ ಹೆಪ್ಪು ಹಾಕೇ ಮಾಡೋದು, ಹೇಳಿದ್ರೆ ಅಮ್ಮನೋರು ಪಾಸ್ತಾ ತಟ್ಟೆ ದೂರ ತಳ್ಳಬೌದು, ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು.

ಜಪಾನಲ್ಲಿ ಕಷ್ಟ ಜಾಸ್ತಿ, ತರಕಾರಿ ಸೂಪ್, ಚಿಪ್ಸು, ಸಾಸು ಎಲ್ಲದರಲ್ಲೂ ಒಣ ಮೀನಿನ ಸಾರ ನುಸುಳಿರಬೌದು. ಮಲೇಷ್ಯಾ ದುಬೈ ಕಡೆ ಹಲಾಲ್ ಗುರುತಿಗೂ ವೆಜ್ಜಿಗೂ ಸಂಬಂಧ ಇಲ್ಲ. ಸುಲಭ ಅಂದ್ರೆ ಥಾಯ್ಲೆಂಡು, ಹಳದಿ ಮೇಲೆ ಕೆಂಪಕ್ಷರದ ‘ಜೇ’ ಗುರುತು ಹುಡುಕಿ, ಅದರಲ್ಲಿ ಮಾಂಸ ಮೀನು ಮೊಟ್ಟೆ ಹಾಲು ಏನೂ ಇರಲ್ಲ, ಈರುಳ್ಳಿ ಬೆಳ್ಳುಳ್ಳೀನೂ ಇರಲ್ಲ. ಮಡಿ ಮನೆಯೋರೂ ತಿನ್ನಬೌದು.

ಹೆಜ್ಜೆ 7: ತೂಕ, ಬಿಲ್ಲು, ಖಾಲಿ ಬಾಟ್ಲು

ಇಟಲಿಯಲ್ಲಿ ಹಣ್ಣು ತರಕಾರಿ ಬರಿಗೈಲಿ ಮುಟ್ಟಂಗಿಲ್ಲ, ಪಕ್ಕದಲ್ಲೇ ತೆಳು ಪ್ಲಾಸ್ಟಿಕ್ ಗ್ಲೌಸ್ ಇಟ್ಟಿರ್ತಾರೆ. ಚೀಟಿ ಮೇಲಿನ ನಂಬರ್ ನೆನಪಿಟ್ಕಂಡು ತಕ್ಕಡಿ ಮೇಲಿಟ್ಟು ಆ ನಂಬರ್ ಒತ್ತಿ, ಸ್ಟಿಕ್ಕರ್ ಬತ್ತದೆ, ಕವರಿಗೆ ಅಂಟಿಸಿ. ಅದಿಲ್ದೆ ಕೌಂಟರಿಗೆ ಹೋದ್ರೆ ವಾಪಸ್ ಓಡಬೇಕು, ಹಿಂದೆ ನಿಂತೋರು ಕಣ್ಣಲ್ಲೇ ಬೈತಾರೆ. ಟೊಮ್ಯಾಟೋ ಹಿಸುಕಿ ನೋಡೋ ನಮ್ಮ ಅಭ್ಯಾಸಾನ ಏರ್‌ಪೋರ್ಟಲ್ಲೇ ಬಿಟ್ಟು ಹೋಗಿ.

ಜರ್ಮನಿ ಕೌಂಟರಲ್ಲಿ ಕೂತೋರು ಬೆಂಕಿ ಸ್ಪೀಡು. ಚೀಲಕ್ಕೆ ತುಂಬೋದು ನಿಮ್ಮ ಕೆಲಸ, ತುಂಬ್ತಾ ನಿಲ್ಲಬೇಡಿ, ಎಲ್ಲಾ ಟ್ರಾಲಿಗೆ ತಳ್ಳಿ ದುಡ್ಡು ಕೊಟ್ಟು ಆಚೆ ಹೋಗಿ ನಿಧಾನಕ್ಕೆ ತುಂಬ್ಕಳಿ.

ಅಲ್ಲಿ ನೀರಿನ ಬಾಟ್ಲು, ಕ್ಯಾನು ತಗಂಡ್ರೆ ಬಿಲ್ಲಲ್ಲಿ 25 ಸೆಂಟ್ ಜಾಸ್ತಿ ಹಾಕಿರ್ತಾರೆ, ಅದು ಮೋಸ ಅಲ್ಲ, ಡೆಪಾಸಿಟ್ಟು. ಕುಡಿದ ಮೇಲೆ ಬಾಟ್ಲು ಬಿಸಾಕ್ಬೇಡಿ, ಜಜ್ಜಲೂ ಬೇಡಿ, ಸುತ್ತಲೂ ಇರೋ ಲೇಬಲ್ ಕೀಳಬೇಡಿ, ಯಾಕಂದ್ರೆ ಮಿಷಿನ್ನು ಅದನ್ನೇ ಓದೋದು. ಅಂಗಡಿ ಬಾಗಿಲ ಹತ್ರಾನೋ ಒಳಗೋ ಗೋಡೇಲಿ ದುಂಡನೆ ತೂತು ಇರ್ತದೆ, ಬಾಟ್ಲು ಅಡ್ಡ ಇಟ್ರೆ ಒಳಗೆ ತಿರುಗಿಸಿ ತಿರುಗಿಸಿ ನೋಡಿ ಗುಳುಂ ಅಂತ ನುಂಗ್ತದೆ. ಎಲ್ಲಾ ಹಾಕಾದ್ಮೇಲೆ ಬಟನ್ ಒತ್ತಿದ್ರೆ ಚೀಟಿ ಬತ್ತದೆ, ಅದನ್ನ ಅದೇ ಅಂಗಡಿ ಕೌಂಟರಲ್ಲಿ ಕೊಟ್ರೆ ಬಿಲ್ಲಲ್ಲಿ ಕಳೀತಾರೆ, ಇಲ್ಲಾ ಕ್ಯಾಶ್ ಕೊಡ್ತಾರೆ. ಮಕ್ಕಳನ್ನ ಕರ್ಕಂಡೋಗಿದ್ರೆ ಈ ಕೆಲಸ ಅವರಿಗೆ ಬಿಡಿ, ಅರಮನೆ ಕೋಟೆ ಎಲ್ಲ ಮರೆತರೂ ಬಾಟ್ಲು ನುಂಗೋ ಮಿಷಿನ್ ಮರೆಯಲ್ಲ.

ಫೋಟೋ ತೆಗೀಬೇಕು ಅಂದ್ರೆ ಸಾಮಾನಿಂದು ತೆಗೀರಿ, ಜನರದ್ದು ಬೇಡ, ಬೇಡ ಅಂತ ಬೋರ್ಡ್ ಇದ್ರೆ ಮೊಬೈಲ್ ಜೇಬಿಗಾಕಿ.

ಹೆಜ್ಜೆ 8: ರಾತ್ರಿ ಊಟ ಅಲ್ಲಿಂದ್ಲೇ

ಟೂರಿನೋರು ದಿನಾ ಕರ್ಕಂಡೋಗೋ ಇಂಡಿಯನ್ ರೆಸ್ಟೋರೆಂಟಿನ ಅದೇ ಪನೀರ್, ಅದೇ ಹಳದಿ ದಾಲ್ ಬೇಜಾರಾದ ದಿನ ಇದನ್ನ ಮಾಡಿ. ಮೈಕ್ರೋವೇವಲ್ಲಿ ಬಿಸಿ ಮಾಡೋ ರೆಡಿ ಅನ್ನದ ಪ್ಯಾಕೆಟ್ ಒಂದು, ಇದು ಜಪಾನ್ ಇಂಗ್ಲೆಂಡ್ ಎಲ್ಲಾ ಕಡೆ ಸಿಗ್ತದೆ, ಮಸಾಲೆ ಹಾಕ್ದೆ ಇರೋದು ನೋಡಿ ತಗಳಿ. ಮೊಸರು ಒಂದು ಡಬ್ಬಿ, ಹಣ್ಣಿನ ಚಿತ್ರ ಇಲ್ಲದ್ದು, ವೆನಿಲಾ ಇಲ್ಲದ್ದು, ಪದಾರ್ಥಗಳ ಪಟ್ಟಿಲಿ ಹಾಲು ಮತ್ತೆ ಹೆಪ್ಪು ಬಿಟ್ಟು ಸಕ್ಕರೆ ಇರಬಾರದು. ಗ್ರೀಕ್ ಯೋಗರ್ಟ್ ಗಟ್ಟಿ, ಒಸಿ ನೀರು ಬೆರೆಸ್ಕಳಿ. ಸೌತೆಕಾಯಿ ಒಂದು. ಉಪ್ಪಿನಕಾಯಿ, ಚಟ್ನಿಪುಡಿ ನೀವು ಮನೆಯಿಂದ ತಂದಿರ್ತೀರ, ಅದು ನಾನು ಹೇಳಬೇಕಾಗಿಲ್ಲ. ರೂಮಲ್ಲಿ ಮೈಕ್ರೋವೇವ್ ಇಲ್ಲ ಅಂದ್ರೆ ರಿಸೆಪ್ಷನ್ನಲ್ಲಿ ಕೇಳಿ, ಜಪಾನಲ್ಲಾದ್ರೆ ಲಾಸನ್, ಫ್ಯಾಮಿಲಿಮಾರ್ಟ್ ತರದ ಸಣ್ಣ ಅಂಗಡಿಗಳಲ್ಲಿ ತಗಂಡ ಊಟಾನ ಕೌಂಟರಲ್ಲೇ ಬಿಸಿ ಮಾಡ್ಕೊಡ್ತಾರೆ.

ಹೆಜ್ಜೆ 9: ಮನೆಗೆ ಏನು ತರೋದು

ಡ್ಯೂಟಿ ಫ್ರೀ ಚಾಕ್ಲೇಟ್ ಡಬ್ಬ ಬಿಡಿ, ಅದೇ ಡಬ್ಬ ಬೆಂಗಳೂರು ಏರ್‌ಪೋರ್ಟಲ್ಲೂ ಇರ್ತದೆ. ಅಂಗಡಿಯದ್ದೇ ಸ್ವಂತ ಬ್ರ್ಯಾಂಡಿನ ಸಾಮಾನು ನೋಡಿ, ಅಲ್ಲಿಯೋರು ದಿನಾ ತಿನ್ನೋದು ಅದೇ, ರೇಟೂ ಕಮ್ಮಿ. ಬಿಸ್ಕತ್ತು, ಟೀ, ಉಪ್ಪು, ಬೆಲ್ಲ, ಖರ್ಜೂರ, ಪಾತ್ರೆ ಉಜ್ಜೋ ಸ್ಪಾಂಜು ಕೂಡ. ಪಾತ್ರೆ ಉಜ್ಜೋ ಸ್ಪಾಂಜಾ ಅಂತ ನಗಬೇಡಿ, ನಮ್ಮತ್ತೆಗೆ ಕೊಟ್ಟಿದ್ರಲ್ಲಿ ಬಳಕೆ ಆಗಿದ್ದು ಅದೊಂದೇ.

ಮಾಂಸ, ಬೀಜ, ಗಿಡ, ಬೇರು ಇಂತವು ಬೇಡ, ಕ್ವಾರಂಟೈನ್ ತಕರಾರು. ಮಧ್ಯೆ ಆಸ್ಟ್ರೇಲಿಯಾಕ್ಕೋ ನ್ಯೂಜಿಲೆಂಡಿಗೋ ಹೋಗೋರಿದ್ರೆ ತಿನ್ನೋ ಸಾಮಾನು ಏನಿದ್ರೂ ಫಾರಮ್ಮಲ್ಲಿ ಬರೆದು ತೋರಿಸ್ಬುಡಿ, ಬಚ್ಚಿಟ್ರೆ ದಂಡ. ಗಬ್ಬು ವಾಸನೆ ಹೊಡೆಯೋ ಡೂರಿಯನ್ ಹಣ್ಣು ಹೋಟೆಲ್ ರೂಮಿಗೇ ಬಿಡಲ್ಲ, ಪ್ಲೇನ್ ದೂರದ ಮಾತು. ಮತ್ತೆ ಇದನ್ನ ಬಹಳ ಜನ ಮರೀತಾರೆ, ಜಾಮು, ಜೇನುತುಪ್ಪ, ಪೀನಟ್ ಬಟರ್, ಚಾಕ್ಲೇಟ್ ಪೇಸ್ಟು ಎಲ್ಲಾ ಸೆಕ್ಯೂರಿಟಿಯೋರ ಲೆಕ್ಕದಲ್ಲಿ ದ್ರವಾನೇ, 100 ಎಂಎಲ್ ಮೇಲಿದ್ರೆ ಬಹಳ ಏರ್‌ಪೋರ್ಟಲ್ಲಿ ಕೈಬ್ಯಾಗಲ್ಲಿ ಬಿಡೋದು ಕಷ್ಟ, ಚೆಕ್-ಇನ್ ಸೂಟ್‌ಕೇಸಿಗೆ ಹಾಕಿ. ಗಾಜಿನ ಶೀಶೆ ಆದ್ರೆ ಮೊದ್ಲು ಮುಚ್ಚಳಕ್ಕೆ ಟೇಪ್ ಸುತ್ತಿ, ಒಂದು ಕವರಿಗೆ ಹಾಕಿ ಗಂಟು ಹಾಕಿ, ಆಮೇಲೆ ಪಂಚೇಲಿ ಎರಡು ಸುತ್ತು ಸುತ್ತಿ ಬಟ್ಟೆ ಮಧ್ಯ ಇಡಿ, ಅಂಚಿಗೆ ಇಡಬೇಡಿ. ಬೆಲ್ಲ ಪ್ಯಾಕ್ ಒಡೆದಿದ್ರೆ ಬೇರೆ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ, ತೇವ ಎಳ್ಕಂಡು ಪಾಕ ಬಿಟ್ರೆ ಸೀರೆಗೆ ಅಂಟ್ಕಂಡ ಕಲೆ ಬಗ್ಗೆ ಮನೇಲಿ ಮಾತಾಡೋರು ನೀವೇ.